ಓರಿನ್‌ನ ಚೆಂಡಿನ ಸದ್ದು

ಆ ಭಾನುವಾರ ಬೆಳಿಗ್ಗೆಯೂ ಹೋಬಾರ್ಟ್ ಕ್ರೇನ್ ತಮ್ಮ ಬೇಸ್‌ಬಾಲ್ ತಂಡದ ಪಿಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ಕಿವಿಯಿಂದಲೇ ನೋಡುತ್ತಿದ್ದರು. ಬೇಲಿಯ ಪಕ್ಕ ಬೋರಲು ಹಾಕಿದ ಸೋಡಾ ಪೆಟ್ಟಿಗೆಯ ಮೇಲೆ ಕೂತು, ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಹೊಗೆಸೊಪ್ಪನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸುತ್ತಿದ್ದರು. ದೂರದಿಂದ ನೋಡಿದವರು ಮುದುಕರು ತೂಕಡಿಸುತ್ತಿದ್ದಾರೆ ಅಂದುಕೊಳ್ಳಬೇಕು. ಆದರೆ ಪಿಚರ್ ಎಸೆದ ಚೆಂಡು ಕ್ಯಾಚರ್‌ನ ದಪ್ಪ ಗ್ಲೌಸಿಗೆ ಬೀಳುವ ಸದ್ದು ಒಂದನ್ನೂ ಅವರು ಬಿಡುತ್ತಿರಲಿಲ್ಲ.

ಆ ಗ್ಲೌಸು ವೆಂಡೆಲ್ ಗೋರ್ಸ್ಕಿಯದು. ಅವನಿಗೆ ಮೂವತ್ತನಾಲ್ಕು ದಾಟಿತ್ತು. ಕುಕ್ಕರುಗಾಲಲ್ಲಿ ಕೂತು ಕೂತು ಎರಡು ಮಂಡಿಗಳೂ ಹೋಗಿದ್ದವು, ಬಲಗೈ ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು. ಮಾರ್ಲೋ ಬೆಂಡ್‌ನ ತಂಡದಲ್ಲಿ ಅವನಿಗಿಂತ ಹಳಬರು ಅಂದರೆ ತಂಡವನ್ನು ನಡೆಸುವ ಕ್ರೇನ್ ಒಬ್ಬರೇ. ಅವರನ್ನು ಎಲ್ಲರೂ ಯಜಮಾನರೆಂದೇ ಕರೆಯುತ್ತಿದ್ದರು.

ಮನೆಮನೆಗೂ ಟೆಲಿವಿಷನ್ ಬಂದಮೇಲೆ ಗಾಜಿನ ಕಾರ್ಖಾನೆಯ ಆ ಊರಲ್ಲಿ ಬೇಸ್‌ಬಾಲ್ ನೋಡಲು ಜನ ಬರುವುದು ಕಡಿಮೆಯಾಗಿತ್ತು. ಇವತ್ತಿನ ಮಾತು ಬೇರೆ. ಮಧ್ಯಾಹ್ನ ಗೆದ್ದ ತಂಡ ಲೀಗಿನ ಕೊನೆಯ ಸುತ್ತಿಗೆ ಹೋಗುತ್ತದೆ, ಸೋತದ್ದು ಮನೆಗೆ ಹೋಗುತ್ತದೆ. ಸರದಿಯ ನಾಲ್ವರು ಪಿಚರ್‌ಗಳಲ್ಲಿ ಒಬ್ಬ ನಿನ್ನೆ ತಾನೇ ಆಡಿ ದಣಿದಿದ್ದ. ಉಳಿದ ಮೂವರಲ್ಲಿ ಒಬ್ಬನನ್ನು ಯಜಮಾನರು ಈಗ ಆರಿಸಬೇಕಿತ್ತು.

ಮೊದಲು ಎಸೆದವನು ಲೈಲ್ ಬೊಡೀನ್. ಎಡಗೈಯವನು, ಉದ್ದನೆಯ ಕತ್ತಿನವನು, ಯಾರಾದರೂ ಹೊಗಳಿದರೂ ಬೈದರೇನೋ ಎಂದು ಹೆದರುವ ಹುಡುಗ. ಅವನ ಚೆಂಡು ಗ್ಲೌಸಿಗೆ ಬಿದ್ದಾಗ ‘ಟಪ್’ ಎಂದಿತು, ಅಷ್ಟೆ.

“ಲೈಲ್, ಚೆಂಡು ಎಸೀತಿದ್ದೀಯೋ, ಕೋಳಿಗೆ ಕಾಳು ಹಾಕ್ತಿದ್ದೀಯೋ?” ಅಂದರು ಯಜಮಾನರು.

“ಎಸೀತಿದ್ದೀನಿ ಯಜಮಾನ್ರೇ.”

“ಹೌದಾ? ಹಂಗಾದ್ರೆ ಚೆಂಡಿಗೂ ಒಂದು ಮಾತು ಹೇಳು.”

ಎರಡನೆಯವನು ಕ್ಯೂಬಾದ ಮ್ಯಾನಿ ಒಟೆರೊ. ಅವನ ಚೆಂಡು ಒದ್ದೆ ಟವಲು ಗೋಡೆಗೆ ಬಡಿದ ಹಾಗೆ ಕೇಳಿಸಿತು. ಯಜಮಾನರು ತಲೆಯಾಡಿಸಿದರು. ಆಮೇಲೆ ಓರಿನ್ ಟೇಟ್ ಬಂದ. ಅವನು ವೆಂಡೆಲ್‌ನ ಓರಗೆಯವನು, ಹತ್ತು ಬೇಸಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತವರು. ಓರಿನ್ ಎಸೆದ ಮೊದಲ ಚೆಂಡೇ ಬಾಗಿಲು ಒದ್ದ ಹಾಗೆ ‘ಫಟಾರ್’ ಎಂದಿತು. ಬೇಲಿಯ ಮೇಲಿದ್ದ ಗುಬ್ಬಿಗಳು ಹಾರಿಹೋದವು.

“ಆಹಾ!” ಯಜಮಾನರು ಮೊಣಕಾಲಿಗೆ ಹೊಡೆದುಕೊಂಡು ಎದ್ದರು. “ಇನ್ನೇನು ನೋಡೋದು ಬಾಕಿ ಇದೆ? ಇವತ್ತು ಓರಿನ್. ಹೋಗಿ ಊಟ ಮಾಡಿ ಎಲ್ರೂ.”

ವೆಂಡೆಲ್ ಮಾತ್ರ ಕೂತಲ್ಲಿಂದ ಏಳಲಿಲ್ಲ. ಆ ಸದ್ದು ಓರಿನ್‌ನ ತೋಳಿನದಲ್ಲ, ತನ್ನ ಗ್ಲೌಸಿನದು ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ಗ್ಲೌಸಿನ ಸದ್ದು ಚೆಂಡಿನ ವೇಗವನ್ನೇ ಹೇಳುತ್ತದೆ ಅಂತೇನಿಲ್ಲ. ಹೆಬ್ಬೆರಳಿನ ಬುಡದ ಆಳವಾದ ಗುಳಿಯಲ್ಲಿ, ಕೈಯನ್ನು ಒಂದಿಷ್ಟೇ ಮುಂದಕ್ಕೆ ಕೊಟ್ಟು ಹಿಡಿದರೆ ನಿಧಾನದ ಚೆಂಡೂ ಗುಡುಗುತ್ತದೆ. ಒಳ್ಳೆಯ ಕ್ಯಾಚರ್‌ಗಳು ಪಿಚರ್‌ಗೆ ಧೈರ್ಯ ಬರಲಿ ಎಂದು ಆಗೊಮ್ಮೆ ಈಗೊಮ್ಮೆ ಹಾಗೆ ಹಿಡಿಯುವುದುಂಟು. ಮೇ ತಿಂಗಳಲ್ಲಿ ಒಂದು ಪಂದ್ಯ ಸೋತ ಮಾರನೆಯ ಬೆಳಿಗ್ಗೆ, ಓರಿನ್ ಮುಖ ಸಪ್ಪೆ ಮಾಡಿಕೊಂಡು ಎಸೆಯುತ್ತಿದ್ದಾಗ, ವೆಂಡೆಲ್‌ಗೆ ಕರುಳು ಚುರ್ರೆಂದಿತು. ಒಂದು ಚೆಂಡನ್ನು ಹಾಗೆ ಹಿಡಿದ. ಓರಿನ್ ತಲೆಯೆತ್ತಿದ, ನಕ್ಕ. ಆಮೇಲೆ ಆ ನಗೆಯನ್ನು ಕಿತ್ತುಕೊಳ್ಳಲು ವೆಂಡೆಲ್‌ಗೆ ಮನಸ್ಸು ಬರಲೇ ಇಲ್ಲ.

ಯಜಮಾನರು ಕಣ್ಣಿಂದ ನೋಡುವವರಾಗಿದ್ದರೆ ಆ ಆಟ ಒಂದು ವಾರವೂ ನಡೆಯುತ್ತಿರಲಿಲ್ಲ. ಆದರೆ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಇದು ತಂಡಕ್ಕೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಪಂದ್ಯಕ್ಕೆ ಮುಂಚೆ ಯಾರಾದರೊಬ್ಬ ಹೋಗಿ, “ನನ್ನ ಹೆಸ್ರು ಎಲ್ಲಿ ಹಾಕಿದ್ದೀರಿ ನೋಡೋಣ” ಎಂದು ಬ್ಯಾಟಿಂಗ್ ಸರದಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಕಾಫಿ ಕೊಡುವವರು ಲೋಟದ ಹಿಡಿಯನ್ನು ಅವರ ಬೆರಳಿಗೆ ತಾಗಿಸಿಯೇ ಕೈ ಬಿಡುತ್ತಿದ್ದರು. ಮೈದಾನದ ಸುಣ್ಣದ ಗೆರೆ ತುಳಿಯುವುದು ಅಪಶಕುನ. ಯಜಮಾನರು ಅದನ್ನು ದಾಟುವಾಗ ತಪ್ಪದಿರಲೆಂದು ಮೈದಾನ ನೋಡಿಕೊಳ್ಳುವ ಆರ್ಚಿ ಅವರ ಕಡೆಯ ಗೆರೆಗೆ ಮಾತ್ರ ಎರಡು ಕೈ ಹೆಚ್ಚು ಸುಣ್ಣ ಸುರಿಯುತ್ತಿದ್ದ.

ಊಟ ಮಿಸೆಸ್ ಲವ್‌ಜಾಯ್ ಅವರ ಮನೆಯಲ್ಲಿ. ಓರಿನ್, ವೆಂಡೆಲ್ ಇಬ್ಬರೂ ಅಲ್ಲಿಯೇ ಬಾಡಿಗೆಗಿದ್ದರು. ಆ ತಾಯಿ ಹಂದಿಮಾಂಸದ ಹ್ಯಾಮು, ಆಲೂಗಡ್ಡೆ, ಹುರುಳಿಕಾಯಿ ಬಡಿಸಿದರು. ಓರಿನ್‌ನ ತಟ್ಟೆಯ ಹ್ಯಾಮನ್ನು ಮಾತ್ರ ಅಡುಗೆಮನೆಯಲ್ಲೇ ಸಣ್ಣಗೆ ಹೆಚ್ಚಿ ತಂದಿಟ್ಟು, ಏನೂ ಗೊತ್ತಿಲ್ಲದವರ ಹಾಗೆ ಬೆಣ್ಣೆ ತರಲು ಹೋದರು. ಓರಿನ್ ಎಡಗೈಯಲ್ಲಿ ತಿನ್ನುತ್ತಿದ್ದ. ಬಲಗೈ ಅವನ ತೊಡೆಯ ಮೇಲೆ, ಬೇರೆಯವರದ್ದೇನೋ ಎಂಬಂತೆ ಬಿದ್ದಿತ್ತು.

“ಭುಜ ಹೇಗಿದೆ?” ವೆಂಡೆಲ್ ಕೇಳಿದ.

“ಎಲ್ಲಿರ್ಬೇಕೋ ಅಲ್ಲೇ ಇದೆ.”

“ತಮಾಷೆ ಬೇಡ ಕಣೋ. ಡಾಕ್ಟ್ರು ಏನಂದ್ರು?”

“ಇನ್ನೊಂದ್ಸಲ ಪೂರ್ತಿ ಪಂದ್ಯ ಎಸೆದ್ರೆ ಕೈ ಮೇಲಕ್ಕೇ ಬರಲ್ಲ ಅಂದ್ರು.” ಓರಿನ್ ಒಂದು ತುಂಡು ಹ್ಯಾಮನ್ನು ಅಗಿದು ನುಂಗಿದ. “ಅವ್ರಿಗೇನು ಗೊತ್ತು? ಬೆಳಿಗ್ಗೆ ಬಂದು ಸದ್ದು ಕೇಳಿದ್ರಾ? ನೀನು ಕೇಳಿದ್ಯಲ್ಲ! ಇಷ್ಟು ನೋವಲ್ಲೂ ಚೆಂಡು ಹಂಗೆ ಹೋಗ್ತಿದೆ ಅಂದ್ರೆ ಒಳಗಡೆ ಏನೂ ಕೆಟ್ಟಿಲ್ಲ ಅಂತ್ಲೇ ಅರ್ಥ. ಆ ಸದ್ದೊಂದು ಇಲ್ದಿದ್ರೆ ಜೂನಲ್ಲೇ ಬಿಟ್ಬಿಡ್ತಿದ್ದೆ ನಾನು.”

ಚಳಿಗಾಲದಲ್ಲಿ ಓರಿನ್ ಕಾರ್ಖಾನೆಯಲ್ಲಿ ಗಾಜು ಕತ್ತರಿಸುತ್ತಿದ್ದ. ಅದಕ್ಕೂ ಬೇಕಾದ್ದು ಅದೇ ಬಲಗೈ. ಆಟ ಹೇಗೂ ಇವತ್ತೋ ನಾಳೆಯೋ ಮುಗಿಯುವಂಥದು. ಆದರೆ ಕೈ? ಜೂನಲ್ಲೇ ಬಿಡುತ್ತಿದ್ದೆ ಅನ್ನುತ್ತಿದ್ದಾನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ತೋಳನ್ನು ಹರಿದುಹಾಕಿದ್ದು ನನ್ನ ಗ್ಲೌಸು.

“ಓರಿನ್…”

“ಏನೋ?”

ಮಿಸೆಸ್ ಲವ್‌ಜಾಯ್ ಬೆಣ್ಣೆ ತಂದರು. ಓರಿನ್ ಅವರನ್ನು ನೋಡಿ, ಹುಡುಗನ ಹಾಗೆ ನಗುತ್ತ, “ಮೂರನೇ ಸಾಲಲ್ಲಿ ನಿಮಗೆ ಸೀಟು ಹೇಳಿದ್ದೀನಿ ಅಮ್ಮ. ಹೊಸ ಟೋಪಿ ಹಾಕ್ಕೊಂಡು ಬನ್ನಿ” ಅಂದ.

“ಏನಿಲ್ಲ. ಊಟ ಮಾಡು,” ಅಂದ ವೆಂಡೆಲ್.

ಮಧ್ಯಾಹ್ನ ಒಂದೂವರೆಗೆ ಮೈದಾನದ ಮರದ ಮೆಟ್ಟಿಲುಗಳು ತುಂಬಿದ್ದವು. ಹುರಿದ ಕಡಲೇಕಾಯಿಯ ವಾಸನೆ, ಸಿಗಾರಿನ ಹೊಗೆ, ಕಾರ್ಖಾನೆಯ ಬ್ಯಾಂಡಿನವರ ಅಪಸ್ವರ. ಪಂದ್ಯಕ್ಕೆ ಮೊದಲು ಮೈ ಕಾಯಿಸಿಕೊಳ್ಳಲು ಓರಿನ್ ಬೇಲಿಯ ಪಕ್ಕ ಎಸೆತಕ್ಕೆಂದಿದ್ದ ಮಣ್ಣಿನ ದಿಬ್ಬ ಹತ್ತಿದ. ಯಜಮಾನರು ಪೆಟ್ಟಿಗೆಯ ಮೇಲೆ ಕೂತರು. ಲೈಲ್ ಮತ್ತು ಮ್ಯಾನಿ ಬೇಲಿಗೊರಗಿ ನಿಂತಿದ್ದರು. ಮ್ಯಾನಿ ತನ್ನ ಬೆರಳನ್ನು ಉಪ್ಪಿನಕಾಯಿ ಬಾಟಲಿಯ ಉಪ್ಪುನೀರಲ್ಲಿ ಅದ್ದಿಕೊಂಡಿದ್ದ. ಬೆರಳಿನ ಬೊಬ್ಬೆ ಗಟ್ಟಿಯಾಗಲೆಂದು ಎಷ್ಟೋ ಪಿಚರ್‌ಗಳು ಹಾಗೆ ಮಾಡುತ್ತಾರೆ.

ವೆಂಡೆಲ್ ಕುಕ್ಕರುಗಾಲಲ್ಲಿ ಕೂತ. ಓರಿನ್ ಕೈ ಬೀಸಿದ. ಚೆಂಡು ಬಂತು. ಗುಳಿಗೆ ಬೀಳುವಂತೆ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ವೆಂಡೆಲ್ ಅದನ್ನು ತಡೆದ. ಚೆಂಡು ಹೇಗೆ ಬಂತೋ ಹಾಗೆ ಹಿಡಿದ.

‘ದೊಪ್.’

ಯಜಮಾನರ ಗದ್ದ ಮೇಲೆದ್ದಿತು. “ಇನ್ನೊಂದು.”

‘ದೊಪ್.’

ಓರಿನ್ ತನ್ನ ಕೈಯನ್ನೇ ಒಂದು ಸಲ ನೋಡಿಕೊಂಡ. ಹಲ್ಲು ಕಚ್ಚಿ, ಇನ್ನಷ್ಟು ಬಲ ಹಾಕಿ ಎಸೆದ. ಎಸೆಯುವಾಗ ಅವನ ಮುಖ ಬೆಳ್ಳಗಾದದ್ದು ವೆಂಡೆಲ್‌ಗೆ ಕಾಣಿಸಿತು. ಮತ್ತೆ ‘ದೊಪ್’.

“ಗೋರ್ಸ್ಕಿ,” ಯಜಮಾನರು ಮೆಲ್ಲಗೆ ಕೇಳಿದರು, “ಗ್ಲೌಸು ಒದ್ದೆಯಾಗಿದೆಯೇನಯ್ಯಾ?”

ಹೌದು ಅನ್ನಬಹುದಿತ್ತು. ಒಂದು ‘ಹೌದು’ ಅಂದು, ಗ್ಲೌಸನ್ನು ಪ್ಯಾಂಟಿಗೆ ಒರೆಸಿ, ಮುಂದಿನ ಚೆಂಡನ್ನು ಗುಡುಗಿಸಿದ್ದರೆ ಎಲ್ಲರೂ ನಗುತ್ತಿದ್ದರು. ಬೇಲಿಯ ಆಚೆ ಮೂರನೇ ಸಾಲಲ್ಲಿ ಮಿಸೆಸ್ ಲವ್‌ಜಾಯ್ ನೀಲಿ ಟೋಪಿ ಹಾಕಿಕೊಂಡು ಕೂತಿದ್ದರು.

“ಇಲ್ಲ ಯಜಮಾನ್ರೇ. ಗ್ಲೌಸು ಸರಿಯಾಗಿದೆ.”

ಓರಿನ್ ದಿಬ್ಬ ಇಳಿದು ಬಂದ. “ಏನ್ ಮಾಡ್ತಿದ್ದೀಯ ನೀನು?”

“ಹಿಡೀತಿದ್ದೀನಿ.”

“ಬೆಳಿಗ್ಗೆ ಹಿಡಿದ ಹಾಗೆ ಹಿಡಿ.”

“ಬೆಳಿಗ್ಗೆ ಹಿಡಿದದ್ದು ಸುಳ್ಳು, ಓರಿನ್. ಸದ್ದು ನಾನು ಮಾಡಿದ್ದು. ಮೇ ತಿಂಗಳಿಂದ್ಲೂ ನಾನೇ ಮಾಡ್ತಿರೋದು.”

ಬ್ಯಾಂಡು ಅದೇ ಹೊತ್ತಿಗೆ ನಿಂತಿತು. ಯಜಮಾನರು ಎದ್ದು, ಪೆಟ್ಟಿಗೆ ಎಡವಿ, ತಡವರಿಸಿದರು. ಲೈಲ್ ಓಡಿಬಂದು ಅವರ ಮೊಣಕೈ ಹಿಡಿದ. ಅವರು ಕೊಡವಿಕೊಂಡರು.

“ನನ್ನ ಕಿವಿಗೆ ಮೋಸ ಮಾಡ್ದೆ ಅನ್ನು.”

“ಹೌದು.”

“ಕಣ್ಣು ಕಾಣಲ್ಲ ಅಂತ ಗೊತ್ತಿತ್ತು ನಿಂಗೆ.”

“ಗೊತ್ತಿತ್ತು ಯಜಮಾನ್ರೇ.”

“ಇನ್ಯಾರಿಗೆ ಗೊತ್ತು?”

ವೆಂಡೆಲ್ ನೆಲ ನೋಡಿದ. “ಎಲ್ರಿಗೂ. ಸುಣ್ಣ ಹಾಕೋ ಆರ್ಚಿಗೂ.”

ಮುದುಕರು ಕೂಗಾಡಿದ್ದರೆ ಎಷ್ಟೋ ವಾಸಿಯಾಗಿತ್ತು. ಹೊಗೆಸೊಪ್ಪನ್ನು ಉಗಿದು, ಬಾಯಿ ಒರೆಸಿಕೊಂಡು, ಆಮೇಲೆ ಬೇರೆಯೇ ದನಿಯಲ್ಲಿ ಅಂದರು:

“ಸರಿ. ಸದ್ದಿನ ಮಾತು ಮುಗೀತು. ಮೂವರನ್ನೂ ಪಕ್ಕಪಕ್ಕ ನಿಲ್ಲಿಸಿ ಹೇಳು. ನಿನ್ನ ಅಂಗೈಗೆ ಯಾರ್ದು ಹೇಗೆ ಬೀಳುತ್ತೆ? ಮುಚ್ಚಿಟ್ಟು ಹೇಳಿದ್ರೆ ನೋಡು.”

“ಅವರ ಎದುರಿಗೇ?”

“ಅವರ ಎದುರಿಗೇ. ಬೆನ್ನ ಹಿಂದೆ ಮಾಡಿದ್ದು ಸಾಕು.”

ವೆಂಡೆಲ್ ಮ್ಯಾನಿಯ ಕಡೆ ತಿರುಗಿದ. “ಮ್ಯಾನಿದು ಗಟ್ಟಿ ಚೆಂಡು. ತಿರುಗೋದೂ ಚೆನ್ನಾಗಿ ತಿರುಗುತ್ತೆ. ಆದ್ರೆ ಆ ಬೆರಳಿನ ಬೊಬ್ಬೆ ನಾಲ್ಕನೇ ಇನ್ನಿಂಗ್ಸಿಗೆ ಒಡೆಯುತ್ತೆ. ಹೋದ ಸಲ ಚೆಂಡಿಗೆ ರಕ್ತ ಹತ್ತಿತ್ತು, ಒರೆಸಿ ಕೊಟ್ಟವನು ನಾನೇ.”

ಮ್ಯಾನಿ ಬೆರಳನ್ನು ಬಾಟಲಿಯಿಂದ ತೆಗೆದು ನೋಡಿಕೊಂಡು, “ಇವನ್ಗೆ ಇವತ್ತು ಯಾರೋ ಸತ್ಯದ ಔಷಧಿ ಕುಡಿಸಿದ್ದಾರೆ” ಅಂದ.

“ಲೈಲ್?”

“ಲೈಲ್ ಚೆಂಡಿಗೆ ಸದ್ದಿಲ್ಲ, ನಿಜ. ಯಾಕಂದ್ರೆ ಅದು ಕೊನೇ ಗಳಿಗೆಯಲ್ಲಿ ಕೆಳಕ್ಕೆ ಜಾರುತ್ತೆ. ಗುಳಿಗೆ ಬೀಳೋದೇ ಇಲ್ಲ, ಗ್ಲೌಸಿನ ಅಂಚಿಗೆ ಬೀಳುತ್ತೆ. ಎಲ್ಲಿಗೆ ಬರುತ್ತೆ ಅಂತ ಗೊತ್ತಿರೋ ನಂಗೇ ಹಿಡಿಯೋದು ಕಷ್ಟ ಯಜಮಾನ್ರೇ. ಬ್ಯಾಟು ಹಿಡಿದವನ ಗತಿ ಏನು? ನನ್ನ ಹೆಬ್ಬೆರಳು ಊದಿರೋದು ಇವನಿಂದ್ಲೇ.”

ಲೈಲ್ ಬಾಯಿ ತೆರೆದು ಹಾಗೇ ಉಳಿದ. ಈ ಬೇಸಿಗೆಯಲ್ಲಿ ಅವನಿಗೆ ಸಿಕ್ಕ ಮೊದಲ ಒಳ್ಳೆಯ ಮಾತು ಅದಿರಬೇಕು.

“ಓರಿನ್?”

ವೆಂಡೆಲ್ ಗೆಳೆಯನ ಮುಖ ನೋಡಿಯೇ ಹೇಳಿದ. “ಓರಿನ್ ಚೆಂಡು ಕೈಗೆ ನೋವೇ ಮಾಡಲ್ಲ.”

ಓರಿನ್ ತನ್ನ ಕೈಯಲ್ಲಿದ್ದ ಚೆಂಡನ್ನು ಎರಡು ಸಲ ತಿರುಗಿಸಿದ. ಅದನ್ನು ಲೈಲ್‌ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಅದರ ಮೇಲೆ ಮಡಿಚಿದ. ಆಮೇಲೆ ವೆಂಡೆಲ್‌ನ ಕಡೆ ತಿರುಗಿದ.

“ನನ್ನ ಹತ್ರ ಹೇಳ್ಬಹುದಿತ್ತು. ಊಟದ ಮೇಜಲ್ಲಿ. ಬಸ್ಸಲ್ಲಿ. ನಾನೂ ನೀನೂ ಇಬ್ರೇ ಇದ್ದಾಗ ಒಂದ್ಸಲ.”

ಅಷ್ಟು ಹೇಳಿ ಡಗೌಟಿಗೆ, ಮೈದಾನದಂಚಿನಲ್ಲಿ ಮೆಟ್ಟಿಲಿಳಿದು ತಂಡ ಕೂರುವ ತಗ್ಗಿಗೆ, ನಡೆದ. ನಡೆಯುವಾಗ ಬಲಗೈ ಅಲ್ಲಾಡಲಿಲ್ಲ.

ಪಂದ್ಯದುದ್ದಕ್ಕೂ ಅವನು ಡಗೌಟಿನ ಮೆಟ್ಟಿಲ ತುದಿಯಲ್ಲಿ ಒಬ್ಬನೇ ನಿಂತಿದ್ದ. ಪ್ರತಿ ಇನ್ನಿಂಗ್ಸ್ ಮುಗಿದು ವೆಂಡೆಲ್ ಒಳಗೆ ಬಂದಾಗಲೂ ಅವನು ದಾರಿ ಬಿಡುತ್ತಿದ್ದ, ಮಾತಾಡುತ್ತಿರಲಿಲ್ಲ. ಒಂದು ಸಲ ನೀರಿನ ಬಕೆಟ್ಟಿನ ಹತ್ತಿರ ಇಬ್ಬರೂ ಎದುರಾದರು. ಓರಿನ್ ಸೌಟನ್ನು ಅವನಿಗೆ ಕೊಡದೆ ಬಕೆಟ್ಟಿಗೇ ಹಾಕಿ ಹೋದ.

ಲೈಲ್ ಹೆದರಿಕೊಂಡೇ ಚೆನ್ನಾಗಿ ಎಸೆದ. ಎದುರಾಳಿಗಳು ಬ್ಯಾಟು ಬೀಸಿದರೆ ಚೆಂಡು ಬ್ಯಾಟಿನ ಕೆಳಗೆ ಜಾರುತ್ತಿತ್ತು, ಇಲ್ಲವೇ ನೆಲಕ್ಕೆ ಬಡಿದು ಯಾರದಾದರೂ ಕಾಲ ಹತ್ತಿರ ಉರುಳುತ್ತಿತ್ತು. ಒಂಬತ್ತು ಇನ್ನಿಂಗ್ಸಿನ ಆಟದ ಎಂಟನೆಯದಕ್ಕೆ ಬರುವಾಗ ಮಾರ್ಲೋ ಬೆಂಡ್ ಒಂದೇ ಒಂದು ರನ್ನು ಮುಂದಿತ್ತು. ಆಗ ಲೈಲ್ ದಣಿದ. ಇಬ್ಬರು ಔಟಾದ ಮೇಲೆ ಒಂದು ಹೊಡೆತ, ತಪ್ಪು ಎಸೆತಗಳಿಂದ ಇನ್ನಿಬ್ಬರಿಗೆ ಪುಕ್ಕಟೆ ದಾರಿ, ರನ್ನಿನ ಹಾದಿಯ ಮೂರು ಬೇಸ್‌ಗಳಲ್ಲೂ ಎದುರಾಳಿಗಳು. ಜನ ಎದ್ದು ನಿಂತರು.

ಯಜಮಾನರು ಸುಣ್ಣದ ಗೆರೆ ದಾಟಿ ಮೈದಾನದ ನಡುವಿನ ದಿಬ್ಬಕ್ಕೆ ಬಂದರು. ವೆಂಡೆಲ್ ಓಡಿಹೋದ. ಇಂಥ ಹೊತ್ತಲ್ಲಿ ಪಿಚರ್‌ನ ಮುಂದೆ ಕ್ಯಾಚರ್ ಹೇಳಬೇಕಾದ ಮಾತು ಒಂದೇ: ಇವನು ಚೆನ್ನಾಗಿದ್ದಾನೆ. ಎಲ್ಲ ತಂಡಗಳಲ್ಲೂ ಹಾಗೇ ಹೇಳುತ್ತಾರೆ.

“ಹೆಂಗೆ ಬೀಳ್ತಿದೆ?” ಯಜಮಾನರು ಕೇಳಿದರು.

“ವೇಗ ಹೋಗಿದೆ,” ಅಂದ ವೆಂಡೆಲ್. “ಜಾರೋದು ಮಾತ್ರ ಇನ್ನೂ ಇದೆ. ಹೆಬ್ಬೆರಳು ಇನ್ನೂ ನೋಯ್ತಿದೆ. ಬ್ಯಾಟು ಹಿಡಿದ ಇನ್ನೊಬ್ಬನಿಗೆ ಸಾಕು.”

“ಏನಪ್ಪಾ, ಆಗುತ್ತಾ?”

“ವೇಗ ಹೋಗಿರೋದು ನಂಗೂ ಗೊತ್ತಾಯ್ತು,” ಅಂದ ಲೈಲ್. “ಇವ್ರು ಇದೆ ಅಂದಿದ್ರೆ ಇನ್ನೂ ಹೆದರ್ಕೊತಿದ್ದೆ. ಆಗುತ್ತೆ ಯಜಮಾನ್ರೇ.”

ಮುದುಕರು ಅವನ ಬೆನ್ನು ತಟ್ಟಿ ವಾಪಸು ಹೋದರು.

ಮೊದಲ ಚೆಂಡು ಜಾರಿತು, ಬ್ಯಾಟು ಗಾಳಿ ಸೀಳಿತು. ಎರಡನೆಯದು ಬ್ಯಾಟಿನ ತುದಿಗೆ ತಾಗಿ ನೆಟ್ಟಗೆ ಮೇಲಕ್ಕೆ ಹೋಯಿತು. ಮೇಲೆ, ಹಿಂದೆ, ಡಗೌಟಿನ ಕಡೆ. ನೆಲಕ್ಕೆ ಬೀಳುವ ಮೊದಲು ಹಿಡಿದರೆ ಮೂರನೆಯವನೂ ಔಟು, ಎದುರಾಳಿಗಳ ಸರದಿ ಮುಗಿದ ಹಾಗೆ. ವೆಂಡೆಲ್ ಮುಖದ ಜಾಲರಿ ಕಿತ್ತೆಸೆದು ತಲೆಯೆತ್ತಿ ಓಡಿದ. ಇಳಿಬಿಸಿಲು ಅಡ್ಡವಾಗಿ ಕಣ್ಣಿಗೆ ಹೊಡೆಯಿತು. ಚೆಂಡು ಕರೀ ಚುಕ್ಕೆಯಾಗಿ ಒಂದು ಕ್ಷಣ ಕಂಡು, ಬೆಳಕಲ್ಲಿ ಕರಗಿ, ಮತ್ತೆ ಕಂಡಿತು. ಅದರಿಂದ ಕಣ್ಣು ಕಿತ್ತರೆ ಮತ್ತೆ ಸಿಗುವುದಿಲ್ಲ. ಮುಂದೆ ಎಲ್ಲೋ ಕಬ್ಬಿಣದ ಕಂಬಿ ಇದೆ, ಸಿಮೆಂಟಿನ ಮೆಟ್ಟಿಲು ಇದೆ. ಎಷ್ಟು ದೂರ? ಇಂಥ ಓಟದಲ್ಲಿ ತಲೆ ಒಡೆದುಕೊಂಡ ಕ್ಯಾಚರ್‌ಗಳನ್ನು ಅವನು ಬಲ್ಲ. ಜಾಗ ಎಷ್ಟಿದೆ ಎಂದು ಡಗೌಟಿನವರು ಕೂಗಿ ಹೇಳಬೇಕು, ಕ್ಯಾಚರ್ ಅದನ್ನು ನಂಬಿ ಓಡಬೇಕು.

ಸಾವಿರ ಜನರ ಕೂಗಿನ ನಡುವೆ ಹತ್ತಿರದಲ್ಲಿ ಕೇಳಿಸಿದ್ದು ಒಂದೇ ದನಿ. ಮೆಟ್ಟಿಲ ತುದಿಯಲ್ಲಿ ನಿಂತವನದು.

“ಜಾಗ ಇದೆ! ವೆಂಡೆಲ್, ಜಾಗ ಇದೆ! ಬಾ!”

ವೆಂಡೆಲ್‌ನ ಕಾಲು ಅರ್ಧ ಹೆಜ್ಜೆ ತಡೆಯಿತು. ಪಂದ್ಯ ಶುರುವಾದಾಗಿನಿಂದ ಒಂದು ಮಾತೂ ಆಡದವನು. ನನ್ನಿಂದ ನಾಲ್ಕು ತಿಂಗಳು ಸುಳ್ಳು ಕೇಳಿಸಿಕೊಂಡವನು.

ಅವನು ಓಡಿದ.

“ಬಾ, ಬಾ, ಇನ್ನೂ ಇದೆ! ಎಡಕ್ಕೆ! ಈಗ ಕಂಬಿ! ಹಿಡಿ, ಹೆದರ್ಬೇಡ, ನಾನಿದ್ದೀನಿ!”

ಚೆಂಡು ಗ್ಲೌಸಿಗೆ ಬಿತ್ತು. ಸೊಂಟಕ್ಕೆ ಕಂಬಿ ತಾಗಿತು. ಕಾಲ ಕೆಳಗಿನ ನೆಲ ಮಾಯವಾಗಿ ವೆಂಡೆಲ್ ತಲೆಕೆಳಗಾಗಿ ಮೆಟ್ಟಿಲ ಕಡೆ ಉರುಳಿದ. ಸಿಮೆಂಟು ಮುಖಕ್ಕೆ ಬರುವ ಮೊದಲು ಎರಡು ತೋಳುಗಳು ಅವನ ಎದೆಯನ್ನು ಬಾಚಿ ತಬ್ಬಿದವು. ಇಬ್ಬರೂ ಬೆಂಚಿಗೆ ಬಡಿದು ಕೂತರು. ವೆಂಡೆಲ್ ಗ್ಲೌಸು ಮೇಲೆತ್ತಿ ತೋರಿಸಿದ. ಅಂಪೈರ್ ಕೈ ಎತ್ತಿದ. ಮರದ ಮೆಟ್ಟಿಲುಗಳು ಜನರ ಕಾಲಡಿಯಲ್ಲಿ ಗುಡುಗಿದವು.

ಓರಿನ್ ಅವನ ಕೆಳಗೆ ಸಿಕ್ಕಿಕೊಂಡು ಉಸಿರು ಬಿಗಿಹಿಡಿದಿದ್ದ.

“ಯಾವ ಕೈಯಲ್ಲಿ ಹಿಡಿದ್ಯೋ ನನ್ನ?” ವೆಂಡೆಲ್ ಕೇಳಿದ.

“ಎರಡ್ರಲ್ಲೂ. ದನದ ಹಾಗೆ ಬಿದ್ರೆ ಇನ್ನೇನು ಮಾಡ್ಲಿ?”

“ಬಲಗೈ?”

ಯಜಮಾನರು, ಲೈಲ್, ಮ್ಯಾನಿ, ಎಲ್ಲರೂ ಸುತ್ತ ನಿಂತಿದ್ದರು. ಓರಿನ್‌ನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

“ನೋಯ್ತಿದೆ,” ಅಂದ. “ಪ್ರಾಣ ಹೋಗೋಷ್ಟು ನೋಯ್ತಿದೆ ಕಣೋ. ಯಾವಾಗ್ಲಿಂದ್ಲೋ.”

ಲೈಲ್ ತನ್ನ ಜಾಕೆಟ್ಟನ್ನು ಮಡಿಚಿ ಆ ಮೊಣಕೈ ಕೆಳಗೆ ಇಟ್ಟ. ಯಜಮಾನರು ತಡವಿಕೊಂಡು ಬಂದು ಓರಿನ್‌ನ ಎಡಪಕ್ಕ ಕೂತರು. ಇನ್ನೂ ಒಂದು ಇನ್ನಿಂಗ್ಸ್ ಬಾಕಿ ಇತ್ತು, ಅದನ್ನೂ ಲೈಲ್ ಎಸೆಯಬೇಕಿತ್ತು. ವೆಂಡೆಲ್ ಎದ್ದು ಜಾಲರಿ ಹುಡುಕಲು ಹೊರಟಾಗ ಓರಿನ್ ಹಿಂದಿನಿಂದ ಕರೆದ.

“ನಾಳೆ ಡಾಕ್ಟ್ರ ಹತ್ರ ನೀನೂ ಬರ್ತೀಯ. ಅವ್ರು ಹೇಳಿದ್ದನ್ನ ನಾನು ಸರಿಯಾಗಿ ಕೇಳಿಸ್ಕೊಳ್ಳಲ್ಲ.”

“ಬರ್ತೀನಿ.”

“ಈಗ ಹೋಗು. ಆ ಹುಡುಗ ಕಾಯ್ತಿದ್ದಾನೆ.”